ಸ್ವಿಚ್ ಕೊಳ್ಳುವಾಗ ಹಿಂಬದಿ ನೋಡಿ: ಓದುಗರ ಪ್ರಶ್ನೆ, ವೈರ್‌ಮನ್ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಹೊಸ ನಮೂನೆಯ ಸ್ವಿಚ್‌ಗಳ ಬಗ್ಗೆ. ಗಾಜಿನ ಟಚ್ ಪ್ಯಾನೆಲ್, ಹಿತ್ತಾಳೆಯ ಟಾಗಲ್, ತಿರುಗಿಸಿ ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್, ಫೋನಿನಿಂದ ನಡೆಯುವ ಸ್ವಿಚ್. ಮನೆ ಕಟ್ಟಿಸುವವರು ಕೇಳಿದ್ದಾರೆ, ನಮ್ಮ ಕೆಲಸದ ಹುಡುಗರೂ ಕೇಳಿದ್ದಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ವೈರಿಂಗ್ ಕೆಲಸ ಮಾಡಿಕೊಂಡೇ ಈ ಅಂಕಣ ಬರೆಯುತ್ತೇನೆ. ಹಾಗಾಗಿ ಅಂಗಡಿಯಲ್ಲಿ ಕಾಣುವ ಅಂದಕ್ಕಿಂತ ಪ್ಲೇಟಿನ ಹಿಂದೆ ಏನಾಗುತ್ತದೆ ಅನ್ನುವುದನ್ನೇ ಹೆಚ್ಚು ಬರೆದಿದ್ದೇನೆ.

ಹುಬ್ಬಳ್ಳಿ ಗೋಕುಲ ರಸ್ತೆ ಕಡೆ ಮನೆ ಕಟ್ಟಿಸುತ್ತಿದ್ದೇವೆ. ಇಡೀ ಮನೆಗೆ ಗಾಜಿನ ಟಚ್ ಸ್ವಿಚ್ ಹಾಕಿಸಿ ಅಂತ ಆರ್ಕಿಟೆಕ್ಟ್ ಹೇಳುತ್ತಾರೆ. ಎಲೆಕ್ಟ್ರಿಷಿಯನ್ ಬೇಡವೇ ಬೇಡ ಅಂತಾರೆ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ. ಯಾರ ಮಾತು ಕೇಳಬೇಕ್ರೀ? – ಗೃಹಿಣಿ, ಹುಬ್ಬಳ್ಳಿ

ಅಕ್ಕಾರೆ, ಇಬ್ಬರ ಮಾತನ್ನೂ ಪೂರ್ತಿ ಕೇಳಬೇಡಿ. ಕೋಣೆ ಕೋಣೆಗೆ ಬೇರೆ ಉತ್ತರ ಇದೆ.

ಅಡುಗೆಮನೆಯಿಂದ ಶುರು ಮಾಡೋಣ. ರೊಟ್ಟಿ ಬಡಿಯುವಾಗ ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿರುತ್ತದೆ. ಹಂಚು ಕಾದು ಹೊಗೆ ತುಂಬಿತು, ಎಕ್ಸಾಸ್ಟ್ ಫ್ಯಾನ್ ಹಾಕಬೇಕು. ಮಾಮೂಲಿ ಸ್ವಿಚ್ ಆದರೆ ಮೊಣಕೈಯಿಂದ ಒತ್ತಿದರೆ ಮುಗಿಯಿತು, ತಿರುಗಿ ನೋಡುವುದೂ ಬೇಡ. ಟಚ್ ಪ್ಯಾನೆಲ್‌ಗೆ ಬೆರಳೇ ಬೇಕು, ಅದೂ ಸರಿಯಾದ ಜಾಗಕ್ಕೇ ಮುಟ್ಟಬೇಕು. ಬೆರಳು ಗಾಜಿಗೆ ತಾಗಿದಾಗ ಅದರ ಹಿಂದಿರುವ ಸೆನ್ಸರ್‌ನಲ್ಲಿ ಚಾರ್ಜ್ ಸ್ವಲ್ಪ ಬದಲಾಗುತ್ತದೆ. ಒಳಗಿನ ಚಿಪ್ ಅದನ್ನು ಗುರುತಿಸಿ, ಕರೆಂಟ್ ಕೂಡಿಸಿ ಬಿಡಿಸುವ ರಿಲೇ ನಡೆಸುತ್ತದೆ. ನೀರು ಬಿದ್ದರೂ ಕೆಲವು ಪ್ಯಾನೆಲ್‌ಗಳು ಬೆರಳು ಅಂದುಕೊಳ್ಳುತ್ತವೆ. ಒದ್ದೆ ಬಟ್ಟೆಯಿಂದ ಒರೆಸಲು ಹೋದರೆ ಲೈಟು, ಫ್ಯಾನು ಒಂದಾದ ಮೇಲೊಂದು ಶುರುವಾಗುತ್ತವೆ. ಅಡುಗೆಮನೆಗೂ ಬಚ್ಚಲಮನೆಯ ಹೊರಗಿನ ಬೋರ್ಡಿಗೂ ಇದು ಬೇಡ.

ಅತ್ತೆಯವರ ಕೋಣೆಗೂ ಬೇಡ. ವಯಸ್ಸಾದವರು ನಡುರಾತ್ರಿ ಎದ್ದಾಗ ಕಣ್ಣಿಗಿಂತ ಕೈಯನ್ನೇ ನಂಬುತ್ತಾರೆ. ಗೋಡೆ ತಡವಿದರೆ ಉಬ್ಬಿದ ಸ್ವಿಚ್ ಸಿಗಬೇಕು, ಒತ್ತಿದರೆ ಟಕ್ ಅನ್ನಬೇಕು. ನುಣ್ಣನೆಯ ಗಾಜಿನ ಮೇಲೆ ಕೈಯಾಡಿಸಿದರೆ ಫ್ಯಾನ್ ಬಂದ್ ಆಗಿ ಲೈಟ್ ಹತ್ತದೇ ಇರಬಹುದು. ಒಣಗಿದ ಬೆರಳಿಗೆ ಕೆಲವು ಪ್ಯಾನೆಲ್ ಬೇಗ ಕೆಲಸವನ್ನೂ ಮಾಡುವುದಿಲ್ಲ. ಆ ಕೋಣೆಗೆ ಅಗಲ ಗುಂಡಿಯ ಸ್ವಿಚ್ ಹಾಕಿಸಿ. ಒಂದು ಮಂಚದ ಪಕ್ಕ, ಇನ್ನೊಂದು ಬಾಗಿಲ ಹತ್ತಿರ, ಒಂದೇ ಲೈಟನ್ನು ಎರಡೂ ಕಡೆಯಿಂದ ನಡೆಸುವ ಟು-ವೇ ವೈರಿಂಗ್. ಕೆಳಗೆ ನೆಲದ ಹತ್ತಿರ ಒಂದು ಸಣ್ಣ ಫುಟ್‌ಲೈಟ್. ಈ ಖರ್ಚು ಯಾವ ಗಾಜಿನ ಪ್ಯಾನೆಲ್‌ಗಿಂತಲೂ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಾಲ್‌ನಲ್ಲಿ, ಊಟದ ಮೇಜಿನ ಕಡೆ ಟಚ್ ಪ್ಯಾನೆಲ್ ಹಾಕಿಸಿಕೊಳ್ಳಿ. ಚೆಂದ ಕಾಣುತ್ತದೆ, ಬಂದವರು ಮೆಚ್ಚುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೊಳ್ಳುವ ಮೊದಲು ಅಂಗಡಿಯವರ ಹತ್ತಿರ ಕೂತು ಕೆಲವು ಮಾತು ಕೇಳಿ. ಕರೆಂಟ್ ಹೋಗಿ ಬಂದ ಮೇಲೆ ಸ್ವಿಚ್ ಯಾವ ಸ್ಥಿತಿಗೆ ಬರುತ್ತದೆ? ಕೆಲವು ಎಲ್ಲವನ್ನೂ ಬಂದ್ ಮಾಡಿಕೊಳ್ಳುತ್ತವೆ. ಕೆಲವು ಮೊದಲಿದ್ದ ಸ್ಥಿತಿಯನ್ನು ನೆನಪಿಟ್ಟುಕೊಂಡು ಹಾಗೇ ಮತ್ತೆ ಶುರು ಮಾಡುತ್ತವೆ. ನಿದ್ದೆಯಲ್ಲಿ ಕರೆಂಟ್ ಹೋಗಿ ಬಂದು ಫ್ಯಾನ್ ತಿರುಗದಿದ್ದರೆ ಬೇಸಿಗೆಯಲ್ಲಿ ಎಷ್ಟು ಕಷ್ಟ ಅಲ್ವಾ?

ಆಮೇಲೆ ಒಂದೊಂದು ಗುಂಡಿ ಎಷ್ಟು ಆಂಪಿಯರ್ ತಡೆಯುತ್ತದೆ ಅಂತ ಪ್ಯಾನೆಲ್ಲಿನ ಹಿಂಬದಿ ಬರೆದಿರುತ್ತದೆ, ಓದಿ. 2,000 ವ್ಯಾಟ್ ಗೀಜರ್ 230 ವೋಲ್ಟ್‌ಗೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 3,000 ವ್ಯಾಟ್ ಆದರೆ 13. ಲೈಟಿಗೆ ಮಾಡಿದ ಸಣ್ಣ ರಿಲೇ ಮೇಲೆ ಈ ಭಾರ ಹಾಕಬಾರದು. ಗೀಜರ್‌ಗೆ, ಎಸಿಗೆ ಫೇಸ್, ನ್ಯೂಟ್ರಲ್ ಎರಡೂ ವೈರನ್ನು ಒಟ್ಟಿಗೆ ಕಡಿಯುವ ಬೇರೆಯೇ ಡಿಪಿ ಸ್ವಿಚ್ ಇರಲಿ, ಅದು ಎಷ್ಟೇ ಹಳೇ ನಮೂನೆ ಕಂಡರೂ ಸರಿ. ಬೋರ್‌ವೆಲ್ ಮೋಟರ್ ಅಂತೂ ಸ್ಟಾರ್ಟರ್‌ನಿಂದಲೇ ನಡೆಯಲಿ.

ಟಚ್ ಪ್ಯಾನೆಲ್ ಸುಮ್ನೆ ಕೂತಿದ್ದಾಗಲೂ ಸ್ವಲ್ಪ ಕರೆಂಟ್ ತಿನ್ನುತ್ತದೆ. ಒಂದು ಬೋರ್ಡಿಗೆ 1 ವ್ಯಾಟ್ ಅಂತ ಹಿಡಿದರೆ 10 ಬೋರ್ಡಿಗೆ ತಿಂಗಳಿಗೆ 7 ಯೂನಿಟ್ ಆಯಿತು. ದೊಡ್ಡದಲ್ಲ, ಆದರೆ ಲೆಕ್ಕದಲ್ಲಿರಲಿ. ಅದಕ್ಕಿಂತ ದೊಡ್ಡ ಚಿಂತೆ ಅಡ್ಡಮಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಗುಡುಗು ಮಿಂಚು ಹೇಗಿರುತ್ತದೆ ನಿಮಗೆ ಗೊತ್ತು. ಸಿಡಿಲಿನಿಂದ ಲೈನಿನಲ್ಲಿ ವೋಲ್ಟೇಜ್ ನುಗ್ಗಿದರೆ ಮಾಮೂಲಿ ಸ್ವಿಚ್ಚಿನ ತಾಮ್ರ, ಹಿತ್ತಾಳೆ ತಡೆದುಕೊಳ್ಳುತ್ತದೆ, ಪ್ಯಾನೆಲ್ಲಿನ ಚಿಪ್ ತಡೆಯುವುದಿಲ್ಲ. ಟಚ್ ಹಾಕಿಸುವುದಾದರೆ ಮೇನ್ ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಟರ್ ಕೂಡ ಹಾಕಿಸಿ, ಅರ್ತಿಂಗ್ ಸರಿ ಮಾಡಿಸಿ. ಅಷ್ಟಕ್ಕೆ ಬಜೆಟ್ ಇಲ್ಲ ಅಂದರೆ ಪ್ಯಾನೆಲ್ ಕಡಿಮೆ ಮಾಡಿ, ಅರ್ತಿಂಗ್ ಕಡಿಮೆ ಮಾಡಬೇಡಿ.

ಗಿರಾಕಿ ಕೇಳಿದರು ಅಂತ ಎಲ್‌ಇಡಿ ಬಲ್ಬುಗಳಿಗೆ ಡಿಮ್ಮರ್ ಕೂರಿಸಿಕೊಟ್ಟೆ. ಅರ್ಧಕ್ಕೆ ತಿರುಗಿಸಿದರೆ ಬಲ್ಬ್ ಪಟಪಟ ಮಿಣುಕುತ್ತದೆ, ಡಿಮ್ಮರ್ ಗುಂಯ್ ಅನ್ನುತ್ತದೆ. ಡಿಮ್ಮರ್ ಬದಲಿಸಿದರೂ ಅದೇ ಕಥೆ. ನನ್ನ ವೈರಿಂಗ್ ತಪ್ಪಾ ಸರ್? – ಯುವ ಎಲೆಕ್ಟ್ರಿಷಿಯನ್, ಗದಗ-ಬೆಟಗೇರಿ

ತಮ್ಮಾ, ನೀನು ಬರೆದು ಕಳಿಸಿದ ಕನೆಕ್ಷನ್ ಚಿತ್ರ ನೋಡಿದೆ. ವೈರಿಂಗ್ ಸರಿ ಇದೆ. ಡಿಮ್ಮರ್‌ಗೂ ಬಲ್ಬಿಗೂ ಹೊಂದಾಣಿಕೆ ಇಲ್ಲ.

ಹಳೇ ಕಾಲದ ಡಿಮ್ಮರ್ ಮಾಡಿದ್ದು ತಂತಿ ಕಾಯುವ ಬಲ್ಬಿಗಾಗಿ. ನಮ್ಮ ಕರೆಂಟ್ 50 ಹರ್ಟ್ಸ್. ಅಂದರೆ ಸೆಕೆಂಡಿಗೆ 100 ಸಲ ವೋಲ್ಟೇಜ್ ಸೊನ್ನೆಗೆ ಬಂದು ಮತ್ತೆ ಏಳುತ್ತದೆ. ಆ ಡಿಮ್ಮರ್‌ನೊಳಗಿನ ಟ್ರಯಾಕ್ ಅನ್ನುವ ಎಲೆಕ್ಟ್ರಾನಿಕ್ ಸ್ವಿಚ್ ಪ್ರತಿ ಸಲವೂ ಮೊದಲ ಭಾಗವನ್ನು ಕತ್ತರಿಸಿ, ನಡುವೆ ಥಟ್ ಅಂತ ಕರೆಂಟ್ ಬಿಡುತ್ತದೆ. ಇದನ್ನು ಲೀಡಿಂಗ್ ಎಡ್ಜ್ ಅಂತಾರೆ. ಹಳೇ ಬಲ್ಬಿನ ತಂತಿ ಒಮ್ಮೆ ಕಾದರೆ ಅಷ್ಟು ಬೇಗ ಆರುವುದಿಲ್ಲ, ಹಾಗಾಗಿ ಕಣ್ಣಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಎಲ್‌ಇಡಿ ಬಲ್ಬಿನ ಕುತ್ತಿಗೆಯಲ್ಲಿ ಕರೆಂಟ್ ಹದ ಮಾಡುವ ಡ್ರೈವರ್ ಇರುತ್ತದೆ, ಅದರ ಬಾಗಿಲಲ್ಲೇ ಕೆಪಾಸಿಟರ್. ಥಟ್ ಅಂತ ಬಂದ ವೋಲ್ಟೇಜಿಗೆ ಅದು ಒಂದೇ ಗುಟುಕಿಗೆ ಕರೆಂಟ್ ಎಳೆಯುತ್ತದೆ. ಗುಂಯ್ ಸದ್ದು ಅಲ್ಲಿಂದಲೇ.

ಇನ್ನೊಂದು ಕಾರಣ ಭಾರ ಸಾಲದಿರುವುದು. ಟ್ರಯಾಕ್ ಕೆಲಸ ಮಾಡಲು ಅದರ ಮೂಲಕ ಇಂತಿಷ್ಟು ಕರೆಂಟ್ ಹರಿಯುತ್ತಲೇ ಇರಬೇಕು. ಹಿಂದೆ 60 ವ್ಯಾಟಿನ ಒಂದೇ ಬಲ್ಬ್ ಅದಕ್ಕೆ ಸಾಕಾಗುತ್ತಿತ್ತು. 2015ರಲ್ಲಿ ಕಡಿಮೆ ಬೆಲೆಗೆ ಬಲ್ಬ್ ಹಂಚುವ ಕೇಂದ್ರದ ಉಜಾಲಾ ಯೋಜನೆ ಬಂದ ಮೇಲೆ ಮನೆಮನೆಗೂ ಎಲ್‌ಇಡಿ ತಲುಪಿತು. ಆ 60 ವ್ಯಾಟಿನ ಜಾಗದಲ್ಲಿ ಈಗ 9 ವ್ಯಾಟಿನ ಬಲ್ಬ್ ಇದೆ. ಕರೆಂಟ್ ಕಡಿಮೆಯಾಗಿ ಟ್ರಯಾಕ್ ನಡುವೆಯೇ ಕೈಬಿಡುತ್ತದೆ, ಮತ್ತೆ ಹಿಡಿಯುತ್ತದೆ. ನಿನ್ನ ಗಿರಾಕಿಗೆ ಮಿಣುಕು ಕಾಣುವುದು ಹೀಗೆ. ನೀನು ಬದಲಿಸಿದ ಎರಡನೇ ಡಿಮ್ಮರ್ ಕೂಡ ಇದೇ ಜಾತಿಯದ್ದು ಇರಬೇಕು.

ಬೇಕಾಗಿರುವುದು ಟ್ರೇಲಿಂಗ್ ಎಡ್ಜ್ ಡಿಮ್ಮರ್. ಅದು ವೋಲ್ಟೇಜನ್ನು ಸೊನ್ನೆಯಿಂದ ಮೆಲ್ಲಗೆ ಏಳಲು ಬಿಟ್ಟು ಕೊನೆಯ ಭಾಗ ಕತ್ತರಿಸುತ್ತದೆ. ಬೆಲೆ ಜಾಸ್ತಿ. ಅದರ ಜೊತೆ ಬಲ್ಬಿನ ಡಬ್ಬಿಯ ಮೇಲೆ 'ಡಿಮ್ಮಬಲ್' ಅಂತ ಬರೆದಿರಲೇಬೇಕು. ಸಾದಾ ಬಲ್ಬಿಗೆ ಯಾವ ಡಿಮ್ಮರ್ ಹಾಕಿದರೂ ಉಪಯೋಗವಿಲ್ಲ, ಬಲ್ಬ್ ಬೇಗ ಸುಡುತ್ತದೆ ಅಷ್ಟೇ. ಡಿಮ್ಮರ್ ಮೇಲೆ 400 ವ್ಯಾಟ್ ಅಂತ ಇದ್ದರೆ ಅದು ಹಳೇ ಬಲ್ಬಿನ ಲೆಕ್ಕ ಆಗಿರಬಹುದು. ಎಲ್‌ಇಡಿಗೆ ಒಳ್ಳೆಯ ಕಂಪನಿಗಳು ಬೇರೆ ಅಂಕಿ ಕೊಡುತ್ತವೆ, ಅದು ತುಂಬಾ ಕಡಿಮೆ ಇರುತ್ತದೆ. ಕನಿಷ್ಠ ಭಾರವನ್ನೂ ಬರೆದಿರುತ್ತಾರೆ. ಎರಡೂ ಅಂಕಿ ಬರೆಯದ ಡಿಮ್ಮರನ್ನು ಕೈಯಲ್ಲಿ ಹಿಡಿಯಬೇಡ.

ಗಿರಾಕಿಗೆ ಒಪ್ಪಿಸಲು ಮಾತು ಬೇಡ, ತೋರಿಸು. ಒಂದು ಹಲಗೆಯ ಮೇಲೆ ಹೋಲ್ಡರ್, ಎರಡು ಜಾತಿಯ ಡಿಮ್ಮರ್, ಒಂದು ಸಾದಾ ಬಲ್ಬ್, ಒಂದು ಡಿಮ್ಮಬಲ್ ಬಲ್ಬ್ ಜೋಡಿಸಿಟ್ಟುಕೋ. ನನ್ನ ಹತ್ತಿರ ಅಂಥ ಹಲಗೆ ಇದೆ, ಸ್ಕೂಟರಿನ ಮುಂದೆ ಹಿಡಿಸುತ್ತದೆ. ಫೋನಿನ ಕ್ಯಾಮರಾದಲ್ಲಿ ಬಲ್ಬ್ ನೋಡಲು ಹೇಳು. ಕಣ್ಣಿಗೆ ಕಾಣದ ಮಿಣುಕು ಕೆಲವು ಸಲ ಅದರಲ್ಲಿ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಮೇಲೂ ನಡೆಸಿ ನೋಡು. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಒಳ್ಳೆಯ ಡಿಮ್ಮರ್ ಕೂಡ ಸದ್ದು ಮಾಡುತ್ತದೆ, ಅದನ್ನು ಮೊದಲೇ ಹೇಳಿಬಿಡು.

ನನಗೆ ಡಿಮ್ಮರ್ ಬಗ್ಗೆ ಪ್ರೀತಿ ಇದೆ, ಅದಕ್ಕೇ ಇಷ್ಟು ಬರೆದೆ. ಬಾಣಂತಿ ಕೋಣೆಯಲ್ಲಿ, ಕಾಯಿಲೆಯವರು ಮಲಗುವಲ್ಲಿ, ದೇವರ ಮನೆಯಲ್ಲಿ ಬೆಳಕು ತಗ್ಗಿಸಲು ಆದರೆ ಅದರ ನೆಮ್ಮದಿಯೇ ಬೇರೆ. ಕಡಿಮೆ ಖರ್ಚಿನ ದಾರಿಯೂ ಇದೆ. ಸ್ವಿಚ್ ಒಮ್ಮೆ ಬಂದ್ ಮಾಡಿ ತಕ್ಷಣ ಹಾಕಿದರೆ ಬೆಳಕು ತಗ್ಗುವ ಸ್ಟೆಪ್ ಬಲ್ಬುಗಳು ಸಿಗುತ್ತವೆ. ಅವಕ್ಕೆ ಡಿಮ್ಮರೇ ಬೇಡ. ಎಷ್ಟೋ ಮನೆಗಳಿಗೆ ನಾನು ಅದನ್ನೇ ಹೇಳುತ್ತೇನೆ.

ಫ್ಯಾನ್ ರೆಗ್ಯುಲೇಟರನ್ನೇ ಲೈಟಿಗೆ ಡಿಮ್ಮರ್ ಮಾಡಿಕೊಳ್ಳಬಹುದಾ? – ಶಿಗ್ಗಾವಿ ಓದುಗ

ಬೇಡ. ಈಗಿನ ಸ್ಟೆಪ್ ರೆಗ್ಯುಲೇಟರ್‌ನೊಳಗೆ ಕೆಪಾಸಿಟರ್ ಇರುತ್ತದೆ, ಅದು ಫ್ಯಾನಿನ ಮೋಟರಿಗೆ ಲೆಕ್ಕ ಹಾಕಿ ಮಾಡಿದ್ದು. ಎಲ್‌ಇಡಿ ಹಾಳಾಗುತ್ತದೆ. ಹಾಗೆಯೇ ಕರೆಂಟ್ ಉಳಿಸುವ ಬಿಎಲ್‌ಡಿಸಿ ಫ್ಯಾನ್ ತಂದಿದ್ದರೆ ಅದಕ್ಕೂ ಹಳೇ ರೆಗ್ಯುಲೇಟರ್ ನಡುವೆ ಇರಬಾರದು, ತೆಗೆಸಿ ನೇರ ಸ್ವಿಚ್ಚಿಗೆ ಕೊಡಿಸಿ.

ಧಾರವಾಡ ಮಾಳಮಡ್ಡಿಯಲ್ಲಿ ನಮ್ಮದು ಹಳೇ ಹೆಂಚಿನ ಮನೆ. ಕರಿ ಬೇಕಲೈಟಿನ ಗುಂಡನೆಯ ಸ್ವಿಚ್‌ಗಳು, ಸಾಗವಾನಿ ಪಟ್ಟಿಯ ಮೇಲೆ ವೈರಿಂಗ್. ಅದೇ ಅಂದ ಉಳಿಸಿಕೊಂಡು ಹಿತ್ತಾಳೆ ಪ್ಲೇಟಿನ ಹೊಸ ಟಾಗಲ್ ಸ್ವಿಚ್ ಹಾಕಿಸುವ ಆಸೆ. ಮಗಳು ಆನ್‌ಲೈನಿನಲ್ಲಿ ಆರಿಸಿದ್ದಾಳೆ. – ನಿವೃತ್ತ ಶಿಕ್ಷಕರು, ಧಾರವಾಡ

ಸರ್, ಆ ಪಟ್ಟಿಗಳನ್ನು ಕಿತ್ತು ಹಾಕದೆ ಉಳಿಸಿದ್ದೀರಲ್ಲ, ಅದಕ್ಕೆ ನನ್ನ ನಮಸ್ಕಾರ. ಆದರೆ ಸ್ವಿಚ್ ಆಮೇಲೆ, ಮೊದಲು ವೈರ್ ನೋಡೋಣ. ಆ ಕಾಲದ ರಬ್ಬರ್ ಹೊದಿಕೆಯ ವೈರ್ ಆಗಿದ್ದರೆ ಈಗ ಒಣಗಿ ಬಿರುಕು ಬಿಟ್ಟಿರುತ್ತದೆ. ಸ್ವಿಚ್ ಬಿಚ್ಚಿ ವೈರ್ ಸ್ವಲ್ಪ ಬಗ್ಗಿಸಿದರೆ ಹೊದಿಕೆ ಪುಡಿಪುಡಿಯಾಗಿ ಕೈಗೆ ಬರುತ್ತದೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಹೊದಿಕೆ ಗಟ್ಟಿ ಇದೆಯಾ ಅಂತ ಅಳೆಯುವ 500 ವೋಲ್ಟ್ ಮೆಗ್ಗರ್ ಹಾಕಿಸಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ವೈರ್ ಎಲ್ಲ ಬದಲಿಸಬೇಕು. ಪಟ್ಟಿ ಅದೇ ಇರಲಿ, ಹೊಸ ವೈರನ್ನು ಅದರ ಮೇಲೆಯೇ ಅಚ್ಚುಕಟ್ಟಾಗಿ ಕ್ಲಿಪ್ ಹೊಡೆದು ಎಳೆಯಬಹುದು. ತಾಳ್ಮೆ ಇರುವ ಕೆಲಸಗಾರ ಬೇಕು.

ಹಿತ್ತಾಳೆ ಪ್ಲೇಟಿನ ವಿಷಯದಲ್ಲಿ ನನ್ನದು ಒಂದೇ ಷರತ್ತು. ಲೋಹದ ಪ್ಲೇಟಿಗೆ ಅರ್ತ್ ವೈರ್ ಇರಲೇಬೇಕು. ಹಳೇ ವೈರಿಂಗಿನಲ್ಲಿ ಲೈಟ್ ಪಾಯಿಂಟಿಗೆ ಅರ್ತ್ ಎಳೆದಿರುವುದು ಅಪರೂಪ. ಒಳಗೆ ಕರೆಂಟ್ ತರುವ ಒಂದು ಫೇಸ್ ವೈರ್ ಸಡಿಲಾಗಿ ಪ್ಲೇಟಿಗೆ ತಾಗಿದರೆ ಇಡೀ ಪ್ಲೇಟಿಗೆ 230 ವೋಲ್ಟ್. ಮಳೆಗಾಲದಲ್ಲಿ ಗೋಡೆಯೂ ಹಸಿ, ನೆಲವೂ ಹಸಿ. ಅರ್ತ್ ಇದ್ದು, ಮೇನಿನಲ್ಲಿ ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದ್ದರೆ ಅದು ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಇಷ್ಟಿಲ್ಲದೆ ಹಿತ್ತಾಳೆ ಪ್ಲೇಟ್ ಹಾಕಿಕೊಡಲು ನಾನು ಒಪ್ಪುವುದಿಲ್ಲ, ನೀವೂ ಯಾರನ್ನೂ ಒತ್ತಾಯಿಸಬೇಡಿ.

ಮಗಳು ಆರಿಸಿದ ಸ್ವಿಚ್ಚಿನ ಹಿಂಬದಿಯ ಫೋಟೋ ಹುಡುಕಲು ಹೇಳಿ. 125 ವೋಲ್ಟ್ ಅಂತ ಇದ್ದರೆ ಅದು ಅಮೆರಿಕದಂಥ ದೇಶಗಳ ಕರೆಂಟಿಗೆ ಮಾಡಿದ್ದು, ನಮ್ಮಲ್ಲಿ ನಡೆಯುವುದಿಲ್ಲ. 250 ವೋಲ್ಟ್ ಅಂತ ಇರಬೇಕು. ಹಳೇ ಬೇಕಲೈಟ್ ಸ್ವಿಚ್‌ಗಳನ್ನು ಎಸೆಯಬೇಡಿ, ಕರೆಂಟ್ ಕೊಡದೆ ಒಂದು ಹಲಗೆಯ ಮೇಲೆ ಹಾಗೇ ಇಟ್ಟುಕೊಳ್ಳಿ. ಮೊಮ್ಮಕ್ಕಳು ಟಕ್ ಟಕ್ ಅನ್ನಿಸಲಿ.

ಸ್ವಿಚ್ ಬಂದ್ ಮಾಡಿದರೂ ಎಲ್‌ಇಡಿ ಬಲ್ಬ್ ಮಂದವಾಗಿ ಉರಿಯುತ್ತಲೇ ಇರುತ್ತದೆ. ಹೊಸ ಮಾಡ್ಯುಲರ್ ಸ್ವಿಚ್ ಹಾಕಿಸಿದ ಮೇಲೆ ಶುರುವಾಯಿತು. – ರಾಣೆಬೆನ್ನೂರಿನ ಕಿರಾಣಿ ವ್ಯಾಪಾರಿ

ನಿಮ್ಮ ಹೊಸ ಸ್ವಿಚ್ಚಿನಲ್ಲಿ ಕೆಂಪು ಅಥವಾ ನೀಲಿ ಇಂಡಿಕೇಟರ್ ಇದೆಯಾ ನೋಡಿ. ಇದ್ದರೆ ಆ ಪುಟ್ಟ ದೀಪದ ಮೂಲಕ ಹರಿಯುವ ಅಷ್ಟೇ ಅಷ್ಟು ಕರೆಂಟೇ ಎಲ್‌ಇಡಿ ಮಂದವಾಗಿ ಉರಿಯಲು ಸಾಕು. ಇಂಡಿಕೇಟರ್ ಇಲ್ಲದ ಸ್ವಿಚ್ ಹಾಕಿಸಿದರೆ ನಿಲ್ಲುತ್ತದೆ.

ಇಂಡಿಕೇಟರ್ ಇಲ್ಲದೆಯೂ ಹೀಗಾಗುತ್ತಿದ್ದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಫೇಸ್ ಬದಲು, ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ವೈರನ್ನು ಸ್ವಿಚ್ಚಿಗೆ ಕೊಟ್ಟಿರಬಹುದು. ಹಾಗಾದರೆ ಸ್ವಿಚ್ ಬಂದ್ ಇದ್ದರೂ ಹೋಲ್ಡರ್‌ನಲ್ಲಿ ಫೇಸ್ ನಿಂತೇ ಇರುತ್ತದೆ. ಬಲ್ಬ್ ಬದಲಿಸಲು ಸ್ಟೂಲ್ ಹತ್ತಿದವರಿಗೆ ಹೊಡೆಯುತ್ತದೆ. ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಆ ಬಲ್ಬ್ ಮುಟ್ಟಬೇಡಿ, ಮುಟ್ಟಲೇಬೇಕಾದರೆ ಮೇನ್ ಬಂದ್ ಮಾಡಿ.

ಬ್ಯಾಡಗಿಯಲ್ಲಿ ನಮ್ಮದು ಖಾರದ ಪುಡಿ ಗಿರಣಿ. ಆಫೀಸಿಗೆ ಹಾಕಿಸಿದ ಕಪ್ಪು ಬಣ್ಣದ ಹೊಳೆಯುವ ಸ್ವಿಚ್ ಬೋರ್ಡನ್ನೇ ಗಿರಣಿ ಒಳಗೂ ಹಾಕಿಸಲಾ? – ಗಿರಣಿ ಮಾಲೀಕರು

ಅಣ್ಣಾರೆ, ಒಳಗೆ ಬೇಡ. ಮೆಣಸಿನಕಾಯಿಯ ನಯ ಪುಡಿ ಸ್ವಿಚ್ಚಿನ ಸಂದಿಯಿಂದ ಒಳಗೆ ಹೋಗಿ ಕಾಂಟ್ಯಾಕ್ಟಿನ ಮೇಲೆ ಕೂರುತ್ತದೆ. ಅಲ್ಲಿ ಬಿಸಿ, ಕಿಡಿ, ಆಮೇಲೆ ಸುಟ್ಟ ವಾಸನೆ. ಧೂಳು ಹೋಗದ ಮುಚ್ಚಿದ ಬಾಕ್ಸ್ ಬೇಕು, ಅದರ ಮೇಲೆ ಐಪಿ 65 ಅಂತ ಬರೆದಿರಲಿ. ಆ 6 ಅನ್ನುವ ಅಂಕಿಯೇ ಧೂಳಿನದ್ದು. ಕಪ್ಪು ಹೊಳೆಯುವ ಪ್ಲೇಟ್ ಆಫೀಸಿನಲ್ಲೂ ಬೆರಳ ಗುರುತು, ಧೂಳು ಎಲ್ಲ ತೋರಿಸುತ್ತದೆ. ನಮ್ಮ ಊರುಗಳಿಗೆ ಮಬ್ಬು ಬೂದು ಬಣ್ಣವೇ ಒಳ್ಳೆಯದು.

ಈಗ ಗಿರಾಕಿಗಳೇ ಆನ್‌ಲೈನಿನಲ್ಲಿ ಸ್ವಿಚ್ ತರಿಸಿ ಕೈಗೆ ಕೊಡುತ್ತಾರೆ. ಹೆಸರೇ ಕೇಳಿರದ ಮಾಲು. ಹಾಕಿಕೊಟ್ಟ ಮೇಲೆ ಕೆಟ್ಟರೆ ನಮ್ಮನ್ನೇ ಬೈತಾರೆ. ಒಳ್ಳೆಯದು, ಕೆಟ್ಟದ್ದು ಅಂತ ಹೇಗೆ ಗುರುತಿಸಬೇಕು? ಹಾಕಬೇಕಾ, ಬೇಡ ಅನ್ನಬೇಕಾ? – ಎಲೆಕ್ಟ್ರಿಷಿಯನ್, ಹಾವೇರಿ

ಈ ಪ್ರಶ್ನೆ ನಮ್ಮ ಕೆಲಸದವರೆಲ್ಲರದ್ದು. ನಾನು ಮಾಡುವುದನ್ನು ಹೇಳುತ್ತೇನೆ.

ಮುಂಭಾಗ ನೋಡುವುದೇ ಇಲ್ಲ, ತಿರುಗಿಸುತ್ತೇನೆ. ಐಎಸ್‌ಐ ಗುರುತು ಇದೆಯಾ, ಸ್ವಿಚ್‌ಗೆ ಐಎಸ್ 3854, ಸಾಕೆಟ್‌ಗೆ ಐಎಸ್ 1293 ಅಂತ ಇದೆಯಾ ನೋಡುತ್ತೇನೆ. ಗುರುತಿನ ಜೊತೆ ಇರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಗಿರಾಕಿಯ ಎದುರಿಗೇ ಹಾಕಿ ತೋರಿಸಿ. ಸ್ವಿಚ್ ಮೇಲೆ ಬರೀ 6 ಎ ಇದೆಯಾ, 6 ಎಎಕ್ಸ್ ಇದೆಯಾ ಅನ್ನುವುದೂ ಮುಖ್ಯ. ಎಎಕ್ಸ್ ಇದ್ದರೆ ಟ್ಯೂಬ್‌ಲೈಟಿನಂಥ ಕಷ್ಟದ ಭಾರದ ಮೇಲೂ ಪರೀಕ್ಷೆ ಆಗಿದೆ ಅಂತ. ಎಲ್‌ಇಡಿ ಡ್ರೈವರ್‌ಗಳು ಹಾಕಿದ ಕ್ಷಣ ಒಮ್ಮೆಲೇ ದೊಡ್ಡ ಕರೆಂಟ್ ಎಳೆಯುತ್ತವೆ. ಫಾಲ್ಸ್ ಸೀಲಿಂಗ್‌ನ ಹತ್ತಾರು ಲೈಟನ್ನು ಒಂದೇ ಸಾಧಾರಣ ಸ್ವಿಚ್ಚಿಗೆ ಕೊಟ್ಟರೆ ಕಾಂಟ್ಯಾಕ್ಟ್ ಬೆಸೆದುಕೊಂಡು ಸ್ವಿಚ್ ಬಂದ್ ಆಗದೇ ಉಳಿಯುತ್ತದೆ.

ಆಮೇಲೆ ಗುಂಡಿಯನ್ನು ಬೆರಳಿನಿಂದ ತುಂಬಾ ನಿಧಾನಕ್ಕೆ ಒತ್ತುತ್ತೇನೆ. ಒಳ್ಳೆಯ ಸ್ವಿಚ್ ಅರ್ಧಕ್ಕೆ ಬರುತ್ತಲೇ ತಾನಾಗಿ ಆಚೆ ಹಾರುತ್ತದೆ, ನಡುವೆ ನಿಲ್ಲಿಸಲು ಆಗುವುದೇ ಇಲ್ಲ. ಕೆಟ್ಟದ್ದು ನಡುವೆ ನಿಲ್ಲುತ್ತದೆ. ಅಲ್ಲಿ ನಿಂತರೆ ಕಾಂಟ್ಯಾಕ್ಟ್ ಪೂರ್ತಿ ಕೂಡಿಯೂ ಇಲ್ಲ, ಬಿಟ್ಟೂ ಇಲ್ಲ, ಒಳಗೆ ಕಿಡಿ ಹಾರುತ್ತಲೇ ಇರುತ್ತದೆ. ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಅಂಗಡಿಯಲ್ಲಿ ನಿಂತು ಗೃಹಿಣಿಯರೂ ಮಾಡಬಹುದು.

ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಸ್ಕ್ರೂ ಉಕ್ಕಿನದ್ದಿದ್ದರೆ ಅಂಟಿಕೊಳ್ಳುತ್ತದೆ, ಅದು ಪರವಾಗಿಲ್ಲ. ಆದರೆ ಕರೆಂಟ್ ಹರಿಯುವ ಟರ್ಮಿನಲ್ಲೇ ಅಂಟಿಕೊಂಡರೆ ಅದು ಹಿತ್ತಾಳೆಯಲ್ಲ, ಹಿತ್ತಾಳೆ ಬಣ್ಣದ ಕಬ್ಬಿಣ. ನಂತರ 2.5 ಚದರ ಮಿಮೀ ವೈರಿನ ತುದಿ ಸುಲಿದು ಒಳಗೆ ಹಾಕಿ, ಬಿಗಿ ಮಾಡಿ, ಗಟ್ಟಿಯಾಗಿ ಎಳೆಯಿರಿ. ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ಎಳೆಯುವ ಲೂಪಿಂಗ್‌ಗೆ ಎರಡು ವೈರ್ ಹಿಡಿಸಬೇಕು, ಅದನ್ನೂ ನೋಡಿ. ಎರಡು ಸಲ ಬಿಗಿ ಮಾಡಿ ಬಿಚ್ಚುವುದರೊಳಗೆ ಸ್ಕ್ರೂ ತಲೆ ಸವೆದರೆ ಆ ಸ್ವಿಚ್ ಡಬ್ಬಿಗೆ ವಾಪಸ್. ಬೋರ್ಡ್ ಸುಡುವುದು ಬಹಳ ಸಲ ಸಡಿಲ ಸ್ಕ್ರೂನಿಂದಲೇ.

ಹೊಸ ಡಿಮ್ಮರ್, ಸ್ಮಾರ್ಟ್ ಸ್ವಿಚ್‌ಗಳಿಗೆ ಇನ್ನೆರಡು ನೋಡಬೇಕು. ಒಂದು, ಬಾಕ್ಸಿನ ಆಳ. ಇವು ಮಾಮೂಲಿ ಸ್ವಿಚ್ಚಿಗಿಂತ ದಪ್ಪ. ಹಳೇ ಬಾಕ್ಸಿನಲ್ಲಿ ವೈರುಗಳನ್ನು ಒತ್ತಿ ತುರುಕಿ ಪ್ಲೇಟ್ ಕೂರಿಸಬೇಡಿ. ಡಿಮ್ಮರ್ ಕೆಲಸ ಮಾಡುವಾಗ ಬಿಸಿಯಾಗುತ್ತದೆ, ಗಾಳಿಗೆ ಜಾಗ ಬೇಕು. ಎರಡು ಡಿಮ್ಮರನ್ನು ಪಕ್ಕಪಕ್ಕ ಹಾಕಿದರೆ ಭಾರ ಇನ್ನೂ ಇಳಿಸಬೇಕು. ಇನ್ನೊಂದು ನ್ಯೂಟ್ರಲ್, ಇಂಥ ಸ್ವಿಚ್ಚುಗಳಲ್ಲಿ ಹೆಚ್ಚಿನವು ತಾವು ನಡೆಯಲು ಅದನ್ನು ಕೇಳುತ್ತವೆ. ನಮ್ಮ ಮನೆಗಳ ದೊಡ್ಡ ಬೋರ್ಡುಗಳಲ್ಲಿ ಸಾಕೆಟ್ ಇರುವುದರಿಂದ ನ್ಯೂಟ್ರಲ್ ಸಿಕ್ಕೇ ಸಿಗುತ್ತದೆ. ಮಂಚದ ಪಕ್ಕದ, ಮೆಟ್ಟಿಲಿನ ಒಂಟಿ ಸ್ವಿಚ್ಚಿನಲ್ಲಿ ಸಿಗುವುದಿಲ್ಲ. ಅಲ್ಲಿಗೆ ಅರ್ತ್ ವೈರನ್ನೇ ನ್ಯೂಟ್ರಲ್ ಮಾಡಿ ಕೊಡುವವರಿದ್ದಾರೆ. ದಯವಿಟ್ಟು ಯಾರೂ ಆ ಕೆಲಸ ಮಾಡಬೇಡಿ. ಜೀವ ಹೋಗುವ ಕೆಲಸ ಅದು.

ಇಷ್ಟರಲ್ಲಿ ಪಾಸ್ ಆದರೆ ಹೆಸರು ಕೇಳಿರದ ಮಾಲಾದರೂ ಹಾಕಿಕೊಡಿ. ಆದರೆ ಒಂದು ಮಾತು ಗಿರಾಕಿಗೆ ಹೇಳಿ. ಒಂದು ಕಂಪನಿಯ ಸ್ವಿಚ್ ಇನ್ನೊಂದರ ಫ್ರೇಮಿಗೆ ಸಾಮಾನ್ಯವಾಗಿ ಕೂರುವುದಿಲ್ಲ. ನಾಳೆ ಒಂದೇ ಒಂದು ಸ್ವಿಚ್ ಕೆಟ್ಟು, ಅದು ಹುಬ್ಬಳ್ಳಿಯ ಅಂಗಡಿಯಲ್ಲೂ ಸಿಗದಿದ್ದರೆ ಇಡೀ ಬೋರ್ಡ್ ಬದಲಿಸಬೇಕು. ಅದಕ್ಕೇ ಮೊದಲೇ ನಾಲ್ಕು ಸ್ವಿಚ್, ಒಂದು ಸಾಕೆಟ್, ಒಂದೆರಡು ಪ್ಲೇಟ್ ಹೆಚ್ಚಿಗೆ ತರಿಸಿ ಮನೆಯಲ್ಲಿ ಇಡಲು ಹೇಳಿ.

ಪಾಸ್ ಆಗದಿದ್ದರೆ ಬೇಡ ಅನ್ನಿ. ಮೆತ್ತಗೆ ಹೇಳಿ, ಆದರೆ ಗಟ್ಟಿಯಾಗಿ ನಿಲ್ಲಿ. ನಿಧಾನಕ್ಕೆ ಒತ್ತಿ ತೋರಿಸಿ, ಅಯಸ್ಕಾಂತ ಅವರ ಕೈಗೇ ಕೊಡಿ. ನೋಡಿದ ಮೇಲೆ ಹೆಚ್ಚಿನವರು ಆನ್‌ಲೈನ್ ಮಾಲು ವಾಪಸ್ ಕಳಿಸುತ್ತಾರೆ. ಕೆಲಸ ಕೈತಪ್ಪಿತು ಅಂತ ಬೇಸರ ಮಾಡಿಕೊಳ್ಳಬೇಡಿ. ಹಾಕಿದ ಮಾಲು ಗಿರಾಕಿಯದ್ದೇ ಆಗಿದ್ದರೆ ಬಿಲ್ಲಿನಲ್ಲಿ 'ಸ್ವಿಚ್, ಡಿಮ್ಮರ್ ಮಾಲೀಕರು ಕೊಟ್ಟಿದ್ದು; ಕೂಲಿ ಮಾತ್ರ ನಮ್ಮದು' ಅಂತ ಬರೆದು, ಯಾವ ಕಂಪನಿ, ಯಾವ ಮಾಡೆಲ್ ಅನ್ನುವುದನ್ನೂ ಸೇರಿಸಿ, ಅವರ ಸಹಿ ತೆಗೆದುಕೊಳ್ಳಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.